ಹಸಿರು ಕಣ್ಣಿನ ರೇಡಿಯೋ

ಅಣ್ಣನ ಕಣ್ಣು ಕೆಡುತ್ತಿದೆ ಎಂದು ನಮಗೆ ಗೊತ್ತಾದದ್ದು ಅವನು ಕೈ ಮುರಿದುಕೊಂಡಾಗ. ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿಗಳ ಫ್ಯಾನು, ದೀಪಗಳಿಗೆ ವೈರಿಂಗ್ ಮಾಡುವುದು ಅವನ ಕೆಲಸ. ಒಂದು ದಿನ ಪಕ್ಕದಿಂದ ಬಂದ ತಳ್ಳುಗಾಡಿ ಅವನಿಗೆ ಕಾಣಲೇ ಇಲ್ಲ, ತಾಗಿ ಬಿದ್ದ. ಕೈಗೆ ಪ್ಲಾಸ್ಟರ್ ಹಾಕಿದ ಡಾಕ್ಟರು ಅವನ ಮುಖದ ಎರಡೂ ಬದಿಗೆ ಬೆರಳು ಆಡಿಸಿ ನೋಡಿ, ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಅವರು ವಯಸ್ಸಾದ ಹೆಂಗಸು. ಕಣ್ಣೊಳಗಿನ ಒತ್ತಡದಿಂದ ನರ ಒಣಗುತ್ತಾ ಬಂದಿದೆ, ಬದಿಗಳಿಂದ ನೋಟ ಕಿರಿದಾಗುತ್ತಿದೆ, ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಎಷ್ಟು ಕಾಲ ಕಾಪಾಡಬಹುದೋ ನೋಡೋಣ ಎಂದು ತಮಿಳಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಅಣ್ಣ ಎಲ್ಲ ಕೇಳಿಸಿಕೊಂಡು, ಹನಿ ಎಷ್ಟು ಹೊತ್ತಿಗೊಮ್ಮೆ ಹಾಕಬೇಕು ಎಂದಷ್ಟೇ ಕೇಳಿದ.

ಮನೆಯಲ್ಲಿ ಇದ್ದದ್ದು ಅಣ್ಣ ತಂಗಿ ನಾವಿಬ್ಬರೇ. ಅಪ್ಪ, ಅಮ್ಮ ಹೋಗಿ ಆಗಿತ್ತು. ನನ್ನ ಮದುವೆಗೆ ನೋಡಿದ ಸಂಬಂಧಗಳು ಒಂದಲ್ಲ ಒಂದು ಕಾರಣಕ್ಕೆ ತಪ್ಪಿದವು. ನನ್ನದು ಆಗಲಿ ಎಂದು ಕಾದ ಅಣ್ಣನದೂ ಹಾಗೇ ಉಳಿಯಿತು. ನಮ್ಮ ವಂಶ ಮದರಾಸಿಗೆ ಬಂದು ಎಷ್ಟೋ ತಲೆಮಾರಾಗಿದೆ. ಮನೆದೇವರು ಉಡುಪಿಯ ಕೃಷ್ಣ, ಮಾತು ಅರ್ಧ ತಮಿಳು ಬೆರೆತ ಕನ್ನಡ. ಮೈಸೂರಿನ ಕಡೆಯ ನೆಂಟರು ಬಂದರೆ ನಾವು ಮಾತಾಡುವುದನ್ನು ಕೇಳಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು.

ಕಣ್ಣಿನ ಕಾರಣಕ್ಕೆ ಅಣ್ಣನಿಗೆ ವರ್ಕ್‌ಶಾಪಿನಿಂದ ಬೇಗನೆ ನಿವೃತ್ತಿ ಕೊಟ್ಟರು. ಇಡೀ ದಿನ ಮನೆಯಲ್ಲಿ ಕೂರುವುದು ಅವನಿಗೆ ಗೊತ್ತಿರಲಿಲ್ಲ. ಮೊದಲೆಲ್ಲ ಭಾನುವಾರ ಬಂದರೆ ಬೀದಿಯವರ ಕೆಟ್ಟ ಟ್ರಾನ್ಸಿಸ್ಟರ್, ಟೇಪ್‌ರೆಕಾರ್ಡರ್ ಬಿಚ್ಚಿಕೊಂಡು ಕೂರುತ್ತಿದ್ದ. ಈಗ ಅವುಗಳೊಳಗಿನ ಸಣ್ಣ ಸಣ್ಣ ಬಿಡಿಭಾಗಗಳು ಅವನಿಗೆ ಸಿಗುತ್ತಿರಲಿಲ್ಲ. ಒಮ್ಮೆ ಸಾಲ್ಡರಿಂಗ್ ಐರನ್ ಹಿಡಿದು ಬೋರ್ಡಿನ ಮೇಲೆ ಹುಡುಕುತ್ತಾ ಹುಡುಕುತ್ತಾ ಬೆರಳಿಗೇ ಇಟ್ಟುಕೊಂಡ. ಅವತ್ತು ಎಲ್ಲವನ್ನೂ ಒಂದು ಡಬ್ಬಕ್ಕೆ ತುಂಬಿ ಮಂಚದ ಕೆಳಗೆ ತಳ್ಳಿದ.

ಇಂಟರ್‌ನೆಟ್ಟಿನ ಹರಾಜಿನ ಸೈಟಿನ ವಿಷಯ ತಂದದ್ದು ಅವನ ವರ್ಕ್‌ಶಾಪಿನ ಹಳೆಯ ಗೆಳೆಯರೊಬ್ಬರು. ಕಂಪ್ಯೂಟರಿನಲ್ಲಿ ಹಳೆ ಕ್ಯಾಮರಾ, ಗಡಿಯಾರ, ವಾಲ್ವ್ ರೇಡಿಯೋ ಎಲ್ಲ ಹರಾಜಿಗೆ ಇಡುತ್ತಾರಂತೆ, ಮನೆಯಲ್ಲಿ ಕೂತೇ ಕೂಗಬಹುದಂತೆ ಎಂದು ಅವರು ಹೇಳಿ ಹೋದರು. ಮರುದಿನ ಅಣ್ಣ ನನ್ನನ್ನು ಕರೆದು, "ನೀನು ಆಫೀಸಿಂದ ಬರೋವಾಗ ಕೊಂಚ ನೋಡ್ತೀಯಾ? ವಾಲ್ವ್ ಸೆಟ್ಟು ಒಂದು ಬೇಕು" ಎಂದ. ಬಲ್ಬಿನಂಥ ಗಾಜಿನ ವಾಲ್ವುಗಳ ಮೇಲೆ ನಡೆಯುವ ಹಳೇ ರೇಡಿಯೋ ಅದು, ಒಳಗೆ ಎಲ್ಲವೂ ದಪ್ಪ ದಪ್ಪ, ಕೈಯಲ್ಲಿ ತಡವಿದರೆ ಸಿಗುತ್ತದೆ, ನೋಡಬೇಕಾಗಿಲ್ಲ ಎಂದು ವಿವರಿಸಿದ. ಒಂದೇ ಷರತ್ತು: ಸ್ಟೇಷನ್ ಸರಿಯಾಗಿ ಸಿಕ್ಕಾಗ ಹಸಿರಾಗಿ ಬೆಳಗುವ ಕಣ್ಣಿನಂಥ ವಾಲ್ವು ಮುಂದೆ ಇರಬೇಕು. ಹಳೆಯ ದೊಡ್ಡ ರೇಡಿಯೋಗಳಲ್ಲಿ ಅದು ಇರುತ್ತಿತ್ತು. ಮ್ಯಾಜಿಕ್ ಐ ಎನ್ನುತ್ತಾರೆ. ಚೆಂದಕ್ಕೆ ಕೇಳುತ್ತಿದ್ದಾನೆ ಎಂದುಕೊಂಡೆ.

ನಾನು ಬ್ರಾಡ್‌ವೇ ಹತ್ತಿರ ಒಂದು ಆಫೀಸಿನಲ್ಲಿ ಗುಮಾಸ್ತೆ. ಅಲ್ಲಿ ಕಂಪ್ಯೂಟರ್ ಇತ್ತು, ಆದರೆ ಸ್ವಂತ ಕೆಲಸಕ್ಕೆ ಮುಟ್ಟುವಂತಿರಲಿಲ್ಲ. ಪೆರಂಬೂರು ಸ್ಟೇಷನ್ನಿನ ಹೊರಗೆ, ಜೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ ಒಂದು ಬ್ರೌಸಿಂಗ್ ಸೆಂಟರ್ ಇತ್ತು. ರಟ್ಟಿನ ಹಲಗೆ ಅಡ್ಡ ಇಟ್ಟ ಸಣ್ಣ ಗೂಡುಗಳು, ಪ್ರತಿ ಗೂಡಿನಲ್ಲಿ ಒಂದು ಕಂಪ್ಯೂಟರ್, ಮೇಲೆ ಕಟಕಟ ಎನ್ನುವ ಫ್ಯಾನು. ಸಂಜೆ ರೈಲಿಳಿದು ಅಲ್ಲಿ ಅರ್ಧ ಗಂಟೆ ಕೂರುವುದು ನನಗೆ ಅಭ್ಯಾಸವಾಯಿತು. ಸುತ್ತ ಕಾಲೇಜು ಹುಡುಗರು, ನಡುವೆ ಹತ್ತಿಯ ಸೀರೆ ಉಟ್ಟು ಊಟದ ಡಬ್ಬಿಯ ಚೀಲ ತೊಡೆಯ ಮೇಲಿಟ್ಟುಕೊಂಡ ನಾನು. ಚಿತ್ರ ಮೇಲಿಂದ ಕೆಳಕ್ಕೆ ಒಂದೊಂದೇ ಪಟ್ಟಿಯಾಗಿ ಇಳಿಯುತ್ತಿತ್ತು. ಮೊದಲು ಯಾರದೋ ಮನೆಯ ಗೋಡೆ, ಆಮೇಲೆ ಮರದ ಪೆಟ್ಟಿಗೆಯ ತಲೆ, ಆಮೇಲೆ ಬಟ್ಟೆಯ ಜಾಲರಿ, ಗುಬುಟುಗಳು.

ಹಾಗೆ ಸಿಕ್ಕಿತು ಕ್ರೋಂಪೇಟೆಯವರೊಬ್ಬರು ಹಾಕಿದ್ದ ರೇಡಿಯೋ. ಕಂದು ಮರದ ಪೆಟ್ಟಿಗೆ, ಎಡಮೂಲೆಯಲ್ಲಿ ದುಂಡನೆಯ ಗಾಜಿನ ಕಣ್ಣು. ಕೆಲಸ ಮಾಡುತ್ತದೋ ಇಲ್ಲವೋ ಪರೀಕ್ಷೆ ಮಾಡಿಲ್ಲ, ಇದ್ದ ಹಾಗೆ ಕೊಡುತ್ತೇವೆ, ಬಂದು ತೆಗೆದುಕೊಂಡು ಹೋಗಬೇಕು ಎಂದು ಬರೆದಿದ್ದರು. ಬೆಲೆ ನನ್ನ ಒಂದು ತಿಂಗಳ ಸಂಬಳಕ್ಕಿಂತ ಸ್ವಲ್ಪ ಕಡಿಮೆ. ಮನೆಗೆ ಬಂದು ಹೇಳಿದೆ. ಅಣ್ಣ ನಕ್ಕ. ಅವನು ನಕ್ಕು ಬಹಳ ದಿನವಾಗಿತ್ತು. "ಇಳಿಯತ್ತೆ. ಕಾದುಕೊಂಡು ಇರು" ಎಂದ.

ನಿಜವಾಗಿಯೂ ಇಳಿಯುತ್ತಿತ್ತು. ಹರಾಜಿನ ಅವಧಿ ಮುಗಿಯುವವರೆಗೆ ಯಾರೂ ಕೂಗದಿದ್ದರೆ ಅವರು ಮತ್ತೆ ಹಾಕುತ್ತಿದ್ದರು, ಹಾಕುವಾಗ ಸ್ವಲ್ಪ ಇಳಿಸಿ ಹಾಕುತ್ತಿದ್ದರು. ನಡುವೆ ಒಂದು ಸಲ ಯಾರೋ ಕೂಗಿ, ಆಮೇಲೆ ಕೊಳ್ಳದೆ ಬಿಟ್ಟರೋ ಏನೋ, ಬೆಲೆ ಮೊದಲಿನಷ್ಟಕ್ಕೇ ಏರಿ ಕೂತಿತು. ಅವತ್ತು ಅಣ್ಣ ಸರಿಯಾಗಿ ಊಟ ಮಾಡಲಿಲ್ಲ. ಮತ್ತೆ ಇಳಿಯತೊಡಗಿದಾಗ ಮತ್ತೆ ಹುರುಪು. ನಾನು ಮೆಟ್ಟಿಲು ಹತ್ತುವ ಸದ್ದಿಗೇ ಒಳಗಿಂದ ಕೇಳುತ್ತಿದ್ದ: "ಎಷ್ಟಕ್ಕೆ ಬಂತು?" ನಾನು ಬಾಗಿಲಲ್ಲೇ ಹೇಳಬೇಕು. ಕೈಕಾಲು ತೊಳೆದು ಕಾಫಿಗೆ ಕೂತ ಮೇಲೆ, ಚಿತ್ರದಲ್ಲಿ ಏನೇನು ಕಂಡಿತು ಎಂದು ಬಿಡಿಸಿ ಬಿಡಿಸಿ ಕೇಳುತ್ತಿದ್ದ. ಹಿಂದಿನ ರಟ್ಟು ಇದೆಯೇ, ಬಟ್ಟೆ ಹರಿದಿದೆಯೇ, ಗಾಜಿನ ಕಣ್ಣಿನೊಳಗೆ ಕಪ್ಪು ಕಲೆ ಇದೆಯೇ. ನನಗೆ ಗೊತ್ತಿಲ್ಲದಿದ್ದರೆ ಮರುದಿನ ಹೋಗಿ ನೋಡಿ ಬರಬೇಕು.

ನನಗೆ ಒಳಗೊಳಗೇ ಭಯವಿತ್ತು. ವಾಲ್ವ್ ಸೆಟ್ಟಿನೊಳಗೆ ಮನೆಯ ಕರೆಂಟಿಗಿಂತ ಹೆಚ್ಚಿನ ವೋಲ್ಟು ಓಡಾಡುತ್ತದೆ, ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಒಳಗೆ ನಿಂತಿರುತ್ತದೆ ಎಂದು ಹಿಂದೆ ಅವನೇ ಹೇಳಿದ್ದ. ಕಣ್ಣು ಕಾಣದವನು ಅದರೊಳಗೆ ಕೈ ಹಾಕಿ ಕೂತರೆ, ನಾನು ಆಫೀಸಿನಲ್ಲಿದ್ದಾಗ ಏನಾದರೂ ಆದರೆ? ಬೆಲೆ ಇಳಿದ ದಿನ ಮಾಳಿಗೆಯ ಮೆಟ್ಟಿಲು ಇಳಿಯುವಾಗ, ಇದು ಇನ್ನು ಇಷ್ಟಕ್ಕೇ ನಿಲ್ಲಲಿ ದೇವರೇ ಎಂದುಕೊಳ್ಳುತ್ತಿದ್ದೆ. ಆದರೆ ಬಾಗಿಲಲ್ಲಿ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಿದ್ದೆ. ಅವನ ಮುಖ ನನ್ನ ಕಡೆ ತಿರುಗಿರುತ್ತಿದ್ದ ರೀತಿ ನೋಡಿದರೆ ಬೇರೆ ಏನೂ ಹೇಳಲು ಬಾಯಿ ಬರುತ್ತಿರಲಿಲ್ಲ.

ಕೊನೆಗೆ ನಮ್ಮ ಕೈಗೆಟುಕುವಷ್ಟಕ್ಕೆ ಬಂತು. ಅಣ್ಣನ ಮಾತಿನಂತೆ ಕೊನೆಯ ದಿನ, ಕೊನೆಯ ಗಂಟೆಯಲ್ಲಿ ನಾನು ಬಿಡ್ ಒತ್ತಿದೆ. ಎದುರಿಗೆ ಯಾರೂ ಬರಲಿಲ್ಲ. ಅಷ್ಟು ಕಾದದ್ದಕ್ಕೆ ಯಾರಾದರೂ ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು ಅನ್ನಿಸುವಷ್ಟು ಸಪ್ಪೆಯಾಗಿ ಅದು ನಮ್ಮದಾಯಿತು.

ಭಾನುವಾರ ಇಬ್ಬರೂ ಹೊರಟೆವು. ಪೆರಂಬೂರಿನಿಂದ ಸೆಂಟ್ರಲ್, ಅಲ್ಲಿಂದ ರಸ್ತೆ ದಾಟಿ ಪಾರ್ಕ್ ಸ್ಟೇಷನ್, ಅಲ್ಲಿಂದ ತಾಂಬರಂ ಕಡೆಯ ಗಾಡಿ. ರಸ್ತೆ ದಾಟುವಾಗ ಅಣ್ಣ ನನ್ನ ಮೊಣಕೈ ಹಿಡಿದುಕೊಂಡ. ಚಿಕ್ಕವಳಿದ್ದಾಗ ನನ್ನನ್ನು ಶಾಲೆಗೆ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದವನು ಅವನು. ರೈಲಿನಲ್ಲಿ ಕಿಟಕಿ ಪಕ್ಕ ಕೂರಿಸಿದೆ. ಪಲ್ಲಾವರಂ ದಾಟಿದ ಮೇಲೆ ಚರ್ಮ ಹದ ಮಾಡುವ ವಾಸನೆ ಒಳಗೆ ಬಂತು. "ಕ್ರೋಂಪೇಟೆ ಬಂತು, ಏಳು" ಎಂದು ಅವನೇ ನನಗೆ ಹೇಳಿದ.

ಮಾರುವವರು ನಮ್ಮ ವಯಸ್ಸಿನವರೇ, ತಮಿಳರು. ರೇಡಿಯೋ ಅವರ ತಂದೆಯದು. ಮನೆಯನ್ನು ಬಿಲ್ಡರಿಗೆ ಕೊಟ್ಟಾಗಿತ್ತು, ಕೆಡವಿ ಫ್ಲ್ಯಾಟ್ ಕಟ್ಟುತ್ತಾರಂತೆ. ಹಾಲಿನಲ್ಲಿ ಕುರ್ಚಿ ಕೂಡ ಇರಲಿಲ್ಲ, ಎಲ್ಲ ಗಂಟು ಕಟ್ಟಿ ಇಟ್ಟಿದ್ದರು. ರೇಡಿಯೋ ನೆಲದ ಮೇಲಿತ್ತು. ಅಣ್ಣ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಮೊದಲು ಪೆಟ್ಟಿಗೆಯನ್ನೆಲ್ಲ ಅಂಗೈಯಿಂದ ತಡವಿದ. ಆಮೇಲೆ ಪ್ಲಗ್ ಹಾಕಿ ನೋಡಬಹುದೇ, ಕಿಟಕಿ ಮುಚ್ಚಬಹುದೇ ಎಂದು ಕೇಳಿದ. ಕಿಟಕಿ ಯಾಕೆ ಎಂದು ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಮುಚ್ಚಿದರು. ಸ್ವಲ್ಪ ಹೊತ್ತಿಗೆ ಗುಂಯ್ ಎಂಬ ಸದ್ದು ಬಂತು. ಸ್ಟೇಷನ್ ಒಂದೂ ಬರಲಿಲ್ಲ. ಆದರೆ ಮೂಲೆಯ ಗಾಜಿನೊಳಗೆ ಹಸಿರು ಬೆಳಕು ಬೀಸಣಿಗೆಯ ಹಾಗೆ ಮೆಲ್ಲಗೆ ಬಿಚ್ಚಿಕೊಂಡಿತು. ಅಣ್ಣ ಮುಖವನ್ನು ಅದರ ಹತ್ತಿರ ಒಯ್ದು, ಅಲ್ಲೇ ಇಟ್ಟುಕೊಂಡು ಕೂತುಬಿಟ್ಟ. ಆ ಮನೆಯವರು ನನ್ನ ಕಡೆ ಬಾಗಿ, ಅವರಿಗೆ ಎಷ್ಟು ಕಾಣುತ್ತದೆ ಎಂದು ಮೆಲ್ಲನೆ ಕೇಳಿದರು. ಸ್ವಲ್ಪ ಎಂದೆ. ಅವರು ಒಳಗೆ ಹೋಗಿ ಒಂದು ಹಳೆಯ ಬೆಡ್‌ಶೀಟ್ ತಂದು ತಾವೇ ರೇಡಿಯೋವನ್ನು ಸುತ್ತಿ ಗಂಟು ಹಾಕಿದರು. ತಂದೆಯ ಹತ್ತಿರ ಉಳಿದಿದ್ದ ಬೇರೆ ವಾಲ್ವುಗಳನ್ನೂ ಹಾಗೇ ಕೊಟ್ಟರು. ಸ್ಟೇಷನ್ನಿನವರೆಗೆ ಹೊತ್ತುಕೊಂಡು ಬಂದರು.

ರಿಪೇರಿ ಮಳೆಗಾಲ ಬರುವವರೆಗೂ ನಡೆಯಿತು. ನಾನು ಮನೆಯಲ್ಲಿಲ್ಲದಾಗ ಪ್ಲಗ್ ಮುಟ್ಟುವುದಿಲ್ಲ ಎಂದು ಅಮ್ಮನ ಫೋಟೋದ ಮುಂದೆ ಅವನಿಂದ ಮಾತು ತೆಗೆದುಕೊಂಡೆ. ಭಾನುವಾರಗಳಲ್ಲಿ ಅವನ ಪಕ್ಕ ಕೂತು, ಬಿಡಿಭಾಗಗಳ ಮೇಲಿನ ಬಣ್ಣದ ಪಟ್ಟಿಗಳನ್ನು ಓದಿ ಹೇಳುತ್ತಿದ್ದೆ. ಕಂದು, ಕಪ್ಪು, ಕೇಸರಿ ಎಂದರೆ ಅವನು ತಲೆಯಲ್ಲೇ ಲೆಕ್ಕ ಹಾಕಿ ಅದು ಎಷ್ಟರದು ಎಂದು ಹೇಳುತ್ತಿದ್ದ. ರಿಚ್ಚಿ ಸ್ಟ್ರೀಟಿಗೆ ಹೋಗಿ ಅವನು ಹೇಳಿದ ಸಾಮಾನು ತಂದೆ. ಸಾಲ್ಡರ್ ಮಾಡುವುದನ್ನೂ ಕಲಿತೆ. ಅವನು ತಂತಿ ಹಿಡಿದುಕೊಳ್ಳುತ್ತಿದ್ದ, ನಾನು ಐರನ್ ಇಡುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ಒಬ್ಬ ಹೆಂಗಸಿನ ಸ್ವರ ಗಟ್ಟಿಯಾಗಿ ತಮಿಳಿನಲ್ಲಿ ರೈತರಿಗೆ ಹವಾಮಾನ ಹೇಳತೊಡಗಿತು. ಅಣ್ಣ ನನ್ನ ತಲೆಯ ಮೇಲೆ ಕೈ ಇಟ್ಟ.

ಆ ಹಸಿರು ಕಣ್ಣೇ ಯಾಕೆ ಬೇಕಾಗಿತ್ತು ಎಂದು ನನಗೆ ತಿಳಿದದ್ದು ಅದೇ ಕಾರ್ತಿಕದಲ್ಲಿ. ಮಳೆಗೆ ಬ್ರಾಡ್‌ವೇ ಎಲ್ಲ ನೀರಾಗಿ, ಆಫೀಸನ್ನು ಮಧ್ಯಾಹ್ನಕ್ಕೇ ಮುಚ್ಚಿದರು. ಒದ್ದೆಯಾಗಿ ಮನೆಗೆ ಬಂದರೆ ಅಣ್ಣನ ಕೋಣೆಯ ಕಿಟಕಿಗಳೆಲ್ಲ ಮುಚ್ಚಿವೆ, ಸಂದುಗಳಿಗೆ ಬಟ್ಟೆ ತುರುಕಿದೆ. ರಿಪೇರಿ ಮುಗಿದ ಮೇಲೆ ರೇಡಿಯೋ ಹಚ್ಚಲು ನನ್ನ ಅಪ್ಪಣೆ ಇತ್ತು. ಆದರೆ ಸದ್ದು ಪೂರ್ತಿ ಇಳಿಸಿಬಿಟ್ಟಿದ್ದ. ಮಾತಿಲ್ಲ, ಹಾಡಿಲ್ಲ. ಕತ್ತಲಲ್ಲಿ ಅವನ ಮುಖ ಆ ಹಸಿರಿಗೆ ಒಂದು ಗೇಣು ದೂರದಲ್ಲಿತ್ತು.

ನನ್ನ ಸದ್ದು ಕೇಳಿ ಬೆಚ್ಚಿದ. ಆಮೇಲೆ, ನಾನು ಕೇಳದೆಯೇ ಹೇಳಿದ: "ನಡುವೆ ಒಂದು ತೂತು ಉಳಿದಿದೆ ಅಮ್ಮಾ, ಅಷ್ಟೇ. ನಿನ್ನ ಮುಖ ನೋಡಿದ್ರೆ ಒಂದು ಸಲಕ್ಕೆ ಕಣ್ಣು ಕಾಣತ್ತೆ, ಇಲ್ಲ ಬಾಯಿ ಕಾಣತ್ತೆ. ಇದು ಮಾತ್ರ ಪೂರ್ತಿ ಕಾಣತ್ತೆ."

ಒದ್ದೆ ಸೀರೆಯಲ್ಲೇ ಅವನ ಪಕ್ಕ ಕೂತೆ. ಅವನು ಗುಬುಟು ತಿರುಗಿಸಿ ತೋರಿಸಿದ. ಸ್ಟೇಷನ್ ಹತ್ತಿರವಾದ ಹಾಗೆ ಹಸಿರು ಹರಡಿ ತುಂಬಿಕೊಳ್ಳುತ್ತಿತ್ತು, ದಾಟಿದರೆ ಕುಗ್ಗುತ್ತಿತ್ತು. ಕಣ್ಣು ಹೋಗುತ್ತಿರುವ ವಿಷಯವನ್ನು ಅಲ್ಲಿಯವರೆಗೆ ಅವನು ಬಾಯಿ ಬಿಟ್ಟು ಆಡಿರಲಿಲ್ಲ. ಅವತ್ತು ಆಡಿದ್ದು ಅಷ್ಟೇ. ಆಮೇಲೆ ಎದ್ದು ಹೋಗಿ ನನಗೆ ಒಣ ಟವೆಲ್ ಹುಡುಕಿ ತಂದುಕೊಟ್ಟ.

ಎರಡು ಮೂರು ವರ್ಷ ಹಾಗೇ ನಡೆಯಿತು. ದಿನವೂ ಊಟವಾದ ಮೇಲೆ ಅವನು ಅದರ ಮುಂದೆ ಕೂರುತ್ತಿದ್ದ. ಹನಿ ಹಾಕುತ್ತಿದ್ದೆವು, ಡಾಕ್ಟರ ಹತ್ತಿರ ಹೋಗುತ್ತಿದ್ದೆವು; ಅವರು ಒತ್ತಡ ಅಳೆದು ಬೆನ್ನು ತಟ್ಟಿ ಕಳಿಸುತ್ತಿದ್ದರು. ಒಂದು ಸಂಜೆ ಅಣ್ಣ ನನ್ನನ್ನು ಕೋಣೆಗೆ ಕರೆದ. ಸ್ವರ ಏನೋ ಒಂದು ಥರ ಇತ್ತು.

"ಹಸಿರು ಮಂಕಾಗಿದೆಯಾ? ಇಲ್ಲ ನನಗೇ ಹಾಗೆ ಕಾಣಿಸ್ತಿದೆಯಾ? ಸರಿಯಾಗಿ ನೋಡಿ ಹೇಳು."

ನೋಡಿದೆ. ಮೊದಲಿನ ಎಲೆಹಸಿರು ಇರಲಿಲ್ಲ. ಪಾಚಿ ಕಟ್ಟಿದ ನೀರಿನ ಬಣ್ಣಕ್ಕೆ ಬಂದಿತ್ತು. ಮಂಕಾಗಿದೆ ಎಂದೆ. ಅವನು ದೊಡ್ಡದಾಗಿ ಉಸಿರು ಬಿಟ್ಟ. ಆ ವಾಲ್ವು ಉರಿದು ಉರಿದು ಹಾಗೇ ಸವೆಯುತ್ತದಂತೆ, ಬೇರೆ ಹಾಕಿದರೆ ಸರಿಹೋಗುತ್ತದಂತೆ. ಕ್ರೋಂಪೇಟೆಯವರು ಕೊಟ್ಟ ವಾಲ್ವುಗಳಲ್ಲಿ ಅದು ಇರಲಿಲ್ಲ. ತಪ್ಪು ಕಣ್ಣಿನದಲ್ಲ, ವಾಲ್ವಿನದು ಎಂದು ನಮಗಿಬ್ಬರಿಗೂ ಎಷ್ಟು ಸಂತೋಷವಾಯಿತೆಂದರೆ ಅವತ್ತು ನಾನು ಪಾಯಸ ಮಾಡಿದೆ.

ಮತ್ತೆ ಬ್ರೌಸಿಂಗ್ ಸೆಂಟರಿನ ಮೆಟ್ಟಿಲು ಹತ್ತಿದೆ. ರಿಚ್ಚಿ ಸ್ಟ್ರೀಟಿನಲ್ಲಿ ಅಂಥದ್ದು ಯಾವ ಅಂಗಡಿಯಲ್ಲೂ ಇರಲಿಲ್ಲ. ಹರಾಜಿನಲ್ಲಿ ಮಾತ್ರ, ಉತ್ತರದ ಕಡೆಯ ಯಾವುದೋ ಊರಿನ ಒಬ್ಬರು ಡಬ್ಬಿ ಒಡೆಯದ ಹೊಸ ವಾಲ್ವು ಇಟ್ಟಿದ್ದರು. ಬೆಲೆ, ನಾವು ಇಡೀ ರೇಡಿಯೋಗೆ ಕೊಟ್ಟದ್ದಕ್ಕಿಂತ ಜಾಸ್ತಿ. ಆದರೂ ತೆಗೆದುಕೊಂಡುಬಿಡೋಣ ಎಂದೆ. ಚಿಟ್ ಫಂಡಿನಲ್ಲಿ ಸ್ವಲ್ಪ ಇದೆ ಎಂದೆ. ಅಣ್ಣ ಒಪ್ಪಲಿಲ್ಲ.

"ರೇಡಿಯೋಗಿಂತ ಅದರ ಕಣ್ಣಿಗೆ ಜಾಸ್ತಿಯಾ? ಪೈತ್ಯಾನಾ ನಿನಗೆ? ಇಳಿಯತ್ತೆ, ಇರು."

"ಅಷ್ಟರಲ್ಲಿ ಯಾರಾದ್ರೂ ತಗೊಂಡುಬಿಟ್ರೆ?"

"ನಮ್ಮನ್ನ ಬಿಟ್ಟು ಅದನ್ನ ಯಾರು ತಗೋತಾರೆ?"

ಅವನು ಹೇಳಿದ್ದೂ ಸರಿಯೇ. ಯಾರೂ ತೆಗೆದುಕೊಳ್ಳಲಿಲ್ಲ. ಆದರೆ ಈ ಮನುಷ್ಯ ಕ್ರೋಂಪೇಟೆಯವರ ಹಾಗಲ್ಲ. ಇಳಿಸಿದರೂ ಚೂರು ಚೂರೇ ಇಳಿಸುತ್ತಿದ್ದ. ಕೆಲವು ಸಲ ಮತ್ತೆ ಹಾಕುವುದನ್ನೇ ಮರೆತುಬಿಡುತ್ತಿದ್ದ, ನಾನು ಖಾಲಿ ಪುಟ ನೋಡಿ ಬರುತ್ತಿದ್ದೆ. ಮೊದಲು ಬೆಲೆ ಇಳಿಯದಿರಲಿ ಎಂದು ಬೇಡಿಕೊಂಡವಳು ಈಗ ಇಳಿ, ಇಳಿ ಎನ್ನುತ್ತಾ ಆ ಅಂಕಿಯನ್ನು ನೋಡುತ್ತಾ ಕೂರುತ್ತಿದ್ದೆ. ಮನೆಯಲ್ಲಿ ಇದ್ದ ವಾಲ್ವನ್ನು ಉಳಿಸಲು ಅಣ್ಣ ರೇಡಿಯೋ ಹಚ್ಚುವುದನ್ನೇ ಕಡಿಮೆ ಮಾಡಿದ. ಕಾಫಿಯಾದ ಮೇಲೆ ಸ್ವಲ್ಪ ಹೊತ್ತು, ಅಷ್ಟೇ. ಆಮೇಲಾಮೇಲೆ ಅದೂ ನಿಂತಿತು. ಹೊಸದು ಬರಲಿ, ಆಗ ನೋಡೋಣ ಎಂದ.

ಆ ತಿಂಗಳುಗಳಲ್ಲಿ ಅವನು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದು ಹೆಚ್ಚಾಯಿತು. ಸಾರಿನ ಸೌಟು ತಟ್ಟೆಯ ಹೊರಗೆ ಬಗ್ಗುತ್ತಿತ್ತು. ಬೆಳಿಗ್ಗೆ ಪೇಪರಿನ ದಪ್ಪ ಅಕ್ಷರಗಳನ್ನು ಕಣ್ಣಿಗೆ ಒತ್ತಿಕೊಂಡು ಓದುತ್ತಿದ್ದವನು, ನೀನೇ ಓದು ಎಂದು ನನ್ನ ಕಡೆ ಚಾಚತೊಡಗಿದ. ನಾನು ನೋಡಿದೆ, ನಾನು ನೋಡಿದ್ದು ಅವನಿಗೂ ಗೊತ್ತಾಯಿತು. ಇಬ್ಬರೂ ಅದನ್ನು ಎತ್ತಲಿಲ್ಲ. ವಾಲ್ವು ಬರಲಿ ಎಂದು ಮಾತ್ರ ಹೇಳಿಕೊಳ್ಳುತ್ತಿದ್ದೆವು.

ಬಂತು. ನಾವು ಕೊಡಬಲ್ಲಷ್ಟಕ್ಕೆ ಇಳಿದ ದಿನವೇ ನಾನು ಕೊನೆಯ ಗಂಟೆಗೆ ಕಾಯದೆ ಒತ್ತಿಬಿಟ್ಟೆ. ಮುಂದಿನ ವಾರ ಕೊರಿಯರಿನವನು ಒಂದು ಪೆಟ್ಟಿಗೆ ತಂದುಕೊಟ್ಟ. ಒಳಗೆ ಹಳೆಯ ಹಿಂದಿ ಪೇಪರು, ಅದರೊಳಗೆ ಹತ್ತಿ, ಹತ್ತಿಯೊಳಗೆ ಹಳದಿಯಾದ ಸಣ್ಣ ಡಬ್ಬಿ. ಅಣ್ಣ ಡಬ್ಬಿಯನ್ನು ಮೂಸಿ ನೋಡಿದ. ಗಾಜನ್ನು ಬೆರಳ ತುದಿಯಿಂದ ಸುತ್ತಿ, ತಳದ ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿ, ಬಗ್ಗಿಲ್ಲ, ಚೆನ್ನಾಗಿದೆ ಎಂದ.

ಭಾನುವಾರದ ಬೆಳಿಗ್ಗೆ. ಅವನು ಸ್ನಾನ ಮಾಡಿ, ನಾಮ ಹಚ್ಚಿಕೊಂಡು ಬಂದು ಕೂತ. ಕಿಟಕಿ ಮುಚ್ಚಿ ಸಂದುಗಳಿಗೆ ಬಟ್ಟೆ ಇಟ್ಟದ್ದು ನಾನು. ವಾಲ್ವು ಬದಲಿಸಿದ್ದು ಅವನೇ, ಕೈಯಲ್ಲಿ ತಡವಿಕೊಂಡು. ಹಳೆಯದನ್ನು ಕಿತ್ತು ನನ್ನ ಅಂಗೈಗೆ ಇಟ್ಟ, ಹೊಸದನ್ನು ಕೂರಿಸಿ ಮೆಲ್ಲಗೆ ಒತ್ತಿದ. "ಹಾಕು" ಎಂದ. ನಾನು ಸ್ವಿಚ್ ಹಾಕಿದೆ.

ಬಿಸಿಯಾಗಲು ಸ್ವಲ್ಪ ಹೊತ್ತು ಬೇಕು. ಮೊದಲು ಸಣ್ಣಗೆ ಗುಂಯ್ ಎಂದಿತು. ಆಮೇಲೆ ಹಸಿರು ಬಂತು. ಅಂಥ ಹಸಿರನ್ನು ಆ ರೇಡಿಯೋದಲ್ಲಿ ನಾನು ಎಂದೂ ನೋಡಿರಲಿಲ್ಲ. ಅವನ ಹಣೆ, ಕೆನ್ನೆ, ಕನ್ನಡಕದ ಗಾಜು ಎಲ್ಲದರ ಮೇಲೂ ಬಿತ್ತು. ಅಂಗೈಯಲ್ಲಿದ್ದ ಹಳೆಯ ವಾಲ್ವು ಕೂಡ ಅದರ ಬೆಳಕಿಗೆ ಹೊಳೆಯಿತು. ನಾನು ಅವನು ನಗುವುದನ್ನೇ ಕಾದೆ.

ಅಣ್ಣ ಮುಖವನ್ನು ಮುಂದೆ ಚಾಚಿ, ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತಿರುಗಿಸಿದ. "ಇನ್ನೂ ಬಿಸಿಯಾಗಿಲ್ಲ ಕಾಣತ್ತೆ" ಎಂದ.

ಅಷ್ಟರಲ್ಲಿ ಸ್ಟೇಷನ್ ಬಂತು, ಯಾರೋ ನಾಗಸ್ವರ ನುಡಿಸುತ್ತಿದ್ದರು. ಸದ್ದು ಬಂದಿತೆಂದರೆ ಎಲ್ಲ ವಾಲ್ವುಗಳೂ ಬಿಸಿಯಾಗಿವೆ ಎಂದು ನನಗೇ ಗೊತ್ತಿತ್ತು, ಅವನಿಗೆ ಗೊತ್ತಿರುವುದಿಲ್ಲವೇ? ಅವನು ಕೇಳುತ್ತಾ ಅಲ್ಲಾಡದೆ ಕೂತ. ನಿಧಾನವಾಗಿ ಕೈ ಎತ್ತಿ, ಮೂಲೆಯ ಗಾಜಿನ ಮೇಲೆ ಬೆರಳಿಟ್ಟ. ಬೆರಳ ತುದಿ ಹಸಿರಾಯಿತು.

"ಬಂದಿದೆಯಾ?" ಎಂದು ಕೇಳಿದ. "ನಿಜ ಹೇಳು."

"ಬಂದಿದೆ ಅಣ್ಣಾ."

"ಹೇಗಿದೆ?"

"ತುಂಬಾ ಚೆನ್ನಾಗಿದೆ. ನಿನ್ನ ಮುಖದ ಮೇಲೆಲ್ಲ ಬಿದ್ದಿದೆ."

ಅವನು ತಲೆಯಾಡಿಸಿದ. ಬೆರಳನ್ನು ತುಂಬಾ ಹೊತ್ತು ಅಲ್ಲೇ ಇಟ್ಟುಕೊಂಡಿದ್ದ. ಆಮೇಲೆ, "ಪಾವಂ, ಮೋಸ ಮಾಡಿಲ್ಲ ಅವನು. ಒಳ್ಳೆ ವಾಲ್ವೇ ಕಳಿಸಿದಾನೆ" ಎಂದ. ಸೈಟಿನಲ್ಲಿ ಮಾರಿದವರ ಬಗ್ಗೆ ಕೊಂಡವರು ಒಂದು ಮಾತು ಬರೆಯುವ ಜಾಗ ಇರುತ್ತದೆಂದು ನಾನೇ ಹಿಂದೆ ಅವನಿಗೆ ಹೇಳಿದ್ದೆ. "ಚೆನ್ನಾಗಿದೆ ಅಂತ ಬರೆದುಬಿಡು, ಮರೀಬೇಡ" ಎಂದ. ಎದ್ದು, ಗೋಡೆ ತಡವಿಕೊಂಡು ಅಡುಗೆಮನೆಗೆ ಹೋಗಿ ನೀರು ಕುಡಿದ. ನಾನು ಆ ಕತ್ತಲಲ್ಲಿ ನಾಗಸ್ವರ ಮುಗಿಯುವವರೆಗೆ ಕೂತಿದ್ದೆ. ಅತ್ತರೆ ಅವನಿಗೆ ಕೇಳಿಸುತ್ತದೆ ಎಂದು ಅಳಲಿಲ್ಲ.

ಸೋಮವಾರ ಸಂಜೆ ಬ್ರೌಸಿಂಗ್ ಸೆಂಟರಿಗೆ ಹೋಗಿ, ವಾಲ್ವು ಹೇಳಿದಂತೆಯೇ ಇದೆ, ಬೆಳಕು ಬಹಳ ಚೆನ್ನಾಗಿದೆ, ಧನ್ಯವಾದ ಎಂದು ಇಂಗ್ಲಿಷಿನಲ್ಲಿ ಬರೆದೆ. ಆ ಗೂಡಿನಲ್ಲಿ ಕೂತು ಅತ್ತದ್ದು ಅವತ್ತು. ಪಕ್ಕದ ಗೂಡಿನ ಕಾಲೇಜು ಹುಡುಗಿ ಎದ್ದು ಬಂದು, ಪರೀಕ್ಷೆಯ ರಿಸಲ್ಟ್ ನೋಡಿದಿರಾ ಆಂಟಿ ಎಂದು ತಮಿಳಿನಲ್ಲಿ ಕೇಳಿದಳು. ಅಲ್ಲಿ ಕೂತು ಯಾರಾದರೂ ಅಳುವುದು ಅದಕ್ಕೇ ಇರಬೇಕು. ಹೌದಮ್ಮಾ ಎಂದೆ.

ಕೆಲವು ದಿನಗಳ ಮೇಲೆ ಅಣ್ಣ, ಆ ವಾಲ್ವನ್ನು ಬಿಚ್ಚಿ ಡಬ್ಬಿಗೆ ಹಾಕಿ ಮತ್ತೆ ಹರಾಜಿಗೆ ಇಡು ಎಂದ. ಹೊಸದಾಗೇ ಇದೆ, ಯಾರಿಗಾದರೂ ಆಗುತ್ತದೆ, ಇಲ್ಲಿ ಸುಮ್ಮನೆ ಉರಿಯುವುದು ಯಾಕೆ ಎಂದು ವಾದಿಸಿದ. ಅವನ ಮಾತನ್ನು ನಾನು ಯಾವತ್ತೂ ಮೀರಿದವಳಲ್ಲ. ಅವತ್ತು ಆಗುವುದಿಲ್ಲ ಎಂದೆ.

"ಯಾಕೆ?"

"ನನಗೆ ಬೇಕು. ನಾನು ನೋಡ್ತೀನಿ."

ವಾಲ್ವು ಇದ್ದಲ್ಲೇ ಉಳಿಯಿತು.

ಅಣ್ಣ ಕೋಲು ಹಿಡಿದು ನಡೆಯುವುದನ್ನು ಕಲಿತ. ಬೀದಿಯ ಮೂಲೆಯ ಹೋಟೆಲಿಗೆ ಒಬ್ಬನೇ ಹೋಗಿ ಕಾಫಿ ಕುಡಿದು ಬರುವಷ್ಟಾದ. ಅಲ್ಲಿ ಕುಂದಾಪುರದ ಮಾಣಿಗಳ ಜೊತೆ ಕನ್ನಡ ಮಾತಾಡಿ ಬರುವುದು ಅವನಿಗೆ ಇಷ್ಟವಾಗಿತ್ತು. ಸಂಜೆ ನಾನು ಬಂದರೆ ಕೇಳಲು ಬೆಲೆ ಯಾವುದೂ ಇರಲಿಲ್ಲ. ಮೊದಮೊದಲು ನಾನು ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಿದ್ದೆ. ಆಮೇಲೆ ಅವನು ಆಫೀಸಿನಲ್ಲಿ ಏನಾಯಿತು ಎಂದು ಕೇಳತೊಡಗಿದ. ನನ್ನ ಆಫೀಸಿನಲ್ಲಿ ಏನೂ ಆಗುತ್ತಿರಲಿಲ್ಲ. ಆದರೂ ರೈಲಿನಲ್ಲಿ ಕಂಡದ್ದು, ಮ್ಯಾನೇಜರು ಬೈದದ್ದು, ಯಾರು ಯಾವ ಸೀರೆ ಉಟ್ಟಿದ್ದರು ಎಂಬುದನ್ನೆಲ್ಲ ಸೇರಿಸಿಕೊಂಡು ಹೇಳುತ್ತಿದ್ದೆ. ಬಣ್ಣ ಹೇಳು ಎನ್ನುತ್ತಿದ್ದ. ಹೇಳುತ್ತಿದ್ದೆ.

ಹೀಗೆ ಇದ್ದು, ಒಂದು ಬೇಸಿಗೆಯ ಬೆಳಿಗ್ಗೆ ಎದೆನೋವು ಬಂದು ಅಣ್ಣ ಹೋದ. ಆಸ್ಪತ್ರೆಗೆ ಸಾಗಿಸುವಷ್ಟು ಸಮಯ ಸಿಗಲಿಲ್ಲ. ಆ ಮನೆ ಒಬ್ಬಳಿಗೆ ದೊಡ್ಡದಾಯಿತು, ಬಾಡಿಗೆಯೂ ಹೆಚ್ಚಾಯಿತು. ಮಾಧವರಂ ಕಡೆ ಒಂದು ಕೋಣೆ, ಅಡುಗೆಮನೆಯ ಮನೆ ಹುಡುಕಿಕೊಂಡೆ. ಸಾಮಾನು ಸಾಗಿಸಲು ಬಂದವರು ರೇಡಿಯೋ ಎತ್ತಿ ನೋಡಿ, ಇಷ್ಟು ಭಾರದ್ದು ಹಳೆ ಸಾಮಾನಿನವನಿಗೆ ಹಾಕಬಾರದೇ ಅಕ್ಕಾ ಎಂದರು. ಮೆಲ್ಲಗೆ ಓಡಿಸಿ ಎಂದು ಡ್ರೈವರಿಗೆ ಹೇಳಿ, ಅದನ್ನು ತೊಡೆಯ ಮೇಲೆ 
ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತೆ.